ನಮ್ಮ ಬಡಾವಣೆ ಫೌಂಡೇಶನ್ ನಡೆಸೋ ವಾಲಂಟಿಯರ್‌ಗಳು: ಸಹಾಯ ಕೇಳೋಕೆ ಹೋದವರ ಕಡೆಯಿಂದ ಒಂದು ರಿವ್ಯೂ

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಆಮೇಲೆ ಮುಚ್ಚಿಟ್ರು ಅನ್ನಬಾರದು. ನಾಲ್ಕು ವರ್ಷದ ಹಿಂದೆ ಈ ಫೌಂಡೇಶನ್ ಬಾಗಿಲಿಗೆ ನಾನು ಹೋಗಿದ್ದು ಸಹಾಯ ಕೇಳೋಕೆ, ಈಗ ವಾರಕ್ಕೊಂದು ಸಂಜೆ ಅಲ್ಲೇ ಸಣ್ಣಪುಟ್ಟ ಕೆಲ್ಸ ಮಾಡ್ತೀನಿ. ಹಾಗಾಗಿ ನನ್ನ ಮನಸ್ಸು ಸ್ವಲ್ಪ ಆ ಕಡೆಗೇ ವಾಲಿರುತ್ತೆ, ಅದನ್ನ ಲೆಕ್ಕಕ್ಕೆ ಇಟ್ಕೊಂಡೇ ಓದಿ. ಆದ್ರೂ ಬರೀಬೇಕು ಅನ್ಸಿದ್ದು ಯಾಕಂದ್ರೆ ಇಂಥ ಸಣ್ಣ ಸಂಸ್ಥೆಗಳ ಬಗ್ಗೆ ಜನ ಬರೆಯೋದು ಎರಡೇ ಥರ, ಒಂದೋ ದೇವರಂಥ ಜನ ಅಂತ ಒಂದು ಸಾಲು, ಇಲ್ಲಾ ಎಲ್ಲಾ ದುಡ್ಡು ಹೊಡೆಯೋರೇ ಅಂತ ಒಂದು ಸಾಲು. ನಾಳೆ ಯಾರಿಗೋ ಕಷ್ಟ ಬಂದು ಅಲ್ಲಿಗೆ ಹೋಗ್ಲಾ ಬೇಡ್ವಾ ಅಂತ ಯೋಚಿಸ್ತಾ ಕೂತಿದ್ರೆ ಈ ಎರಡು ಸಾಲಿಂದ ಏನೂ ಗೊತ್ತಾಗಲ್ಲ.

ಫೌಂಡೇಶನ್ ಅಂದ ತಕ್ಷಣ ದೊಡ್ಡ ಬಿಲ್ಡಿಂಗು, ರಿಸೆಪ್ಶನ್ನು ಅಂತೆಲ್ಲಾ ಅನ್ಕೋಬೇಡಿ. ಒಂದೇ ರೂಮು, ಹಿಂದೆ ಸಾಮಾನು ಇಡೋಕೆ ಒಂದು ಶೆಡ್ಡು, ಏಳು ಜನದ ಕಮಿಟಿ. ಯಾರಿಗೂ ಸಂಬಳ ಇಲ್ಲ, ಎಲ್ರೂ ಇದೇ ಸುತ್ತಮುತ್ತಲಿನ ಬೀದಿಗಳಲ್ಲಿ ಇರೋರು. ವೀಲ್‌ಚೇರು, ವಾಕರು, ಆಸ್ಪತ್ರೆ ಮಂಚ ಇವನ್ನೆಲ್ಲ ಬೇಕಾದಷ್ಟು ದಿನ ಸಾಲ ಕೊಡ್ತಾರೆ, ಮಕ್ಕಳ ಓದಿಗೆ ಸಹಾಯ ಮಾಡ್ತಾರೆ, ಸಂಜೆ ಹೊತ್ತು ಪಾಠ ಇದೆ, ಕೆಲಸ ಹೋಗಿ ಒಂದೆರಡು ತಿಂಗಳು ಬಾಡಿಗೆ ಕಟ್ಟೋಕಾಗದೆ ಇದ್ದೋರಿಗೆ ಒಂದು ಸಣ್ಣ ನಿಧಿ ಇದೆ. ಅಷ್ಟೇ ಕೆಲಸ.

ನಮ್ಮಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಎರಡೂ ನಿಂತುಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದ ಮೇಲೇ ಗೊತ್ತಾಗಿದ್ದು, ಆಸ್ಪತ್ರೆಲಿ ನರ್ಸು ವಾರ್ಡ್‌ಬಾಯ್ ಎಲ್ಲಾ ಸೇರಿ ಮಾಡ್ತಿದ್ದ ಕೆಲಸಾನ ಈಗ ನಾನು ಅಮ್ಮ ಇಬ್ರೇ ಮಾಡ್ಬೇಕು ಅಂತ. ಇವರ ಹತ್ರ ಬರೋ ಮುಂಚೆ ಬೇರೆ ಒಂದು ಕಡೆ ಹೋಗಿದ್ದೆ, ಹೆಸರು ಬೇಡ. ಅಲ್ಲಿ ಒಂದು ವೀಲ್‌ಚೇರ್ ಕೊಡ್ತೀವಿ ಅಂದ್ರು, ಆದ್ರೆ ಅಪ್ಪನ್ನೇ ಕರ್ಕೊಂಡ್ ಬರ್ಬೇಕು, ಬ್ಯಾನರ್ ಮುಂದೆ ಕೂರಿಸಿ ಫೋಟೋ ತೆಗೀಬೇಕು, ಕೊಡೋರು ನಾಲ್ಕು ಜನ ಹಿಂದೆ ನಿಲ್ತಾರೆ. ಬಾಯಿ ಒಂದು ಕಡೆ ವಾಲಿರೋ ಮನುಷ್ಯನ್ನ, ಬಟ್ಟೆ ಸರಿ ಮಾಡ್ಕೊಳ್ಳೋಕೂ ಆಗದೆ ಇರೋ ಮನುಷ್ಯನ್ನ, ಅಷ್ಟು ಜನರ ಮುಂದೆ ಕೂರಿಸಿ ಫೋಟೋ. ಅಪ್ಪ ಏನೂ ಹೇಳ್ಲಿಲ್ಲ, ಹೇಳೋಕೆ ಆವಾಗ ಮಾತೂ ಬರ್ತಿರ್ಲಿಲ್ಲ, ಎಡಗೈಯಲ್ಲಿ ನನ್ನ ಅಂಗಿ ತೋಳು ಹಿಡ್ಕೊಂಡು ಬಿಡ್ಲೇ ಇಲ್ಲ. ಚೇರ್ ತಗೊಳ್ದೇ ವಾಪಸ್ ಬಂದ್ವಿ. ಆ ದಿನದ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಅದಾದ್ಮೇಲೆ ಇಲ್ಲಿಗೆ ಹೋದಾಗ ಹೆದರ್ಕೊಂಡೇ ಹೋಗಿದ್ದೆ. ಟೇಬಲ್ ಹಿಂದೆ ಒಬ್ರು ವಯಸ್ಸಾದ ಹೆಂಗಸು ಕೂತಿದ್ರು. ಫೌಂಡೇಶನ್ ಶುರು ಮಾಡಿದ ನಾಲ್ಕು ಜನರಲ್ಲಿ ಅವರೂ ಒಬ್ರು ಅಂತ ಆಮೇಲೆ ಗೊತ್ತಾಯ್ತು, ಆವಾಗ ಅಧ್ಯಕ್ಷರು ಕೂಡ ಅವರೇ. ಎದ್ದು ಬಂದು ಪಕ್ಕದ ಕುರ್ಚಿಲಿ ಕೂತ್ಕೊಂಡ್ರು, ಟೇಬಲ್ ಅಡ್ಡ ಇರ್ಲಿಲ್ಲ. ವೀಲ್‌ಚೇರ್ ಬೇಕಿತ್ತು ಅಂದೆ. ಅವರು ಕೇಳಿದ ಮೊದಲ ಪ್ರಶ್ನೆ ಆದಾಯ ಎಷ್ಟು ಅಂತಲ್ಲ. "ನಿಮ್ಮನೆ ಬಚ್ಚಲುಮನೆ ಬಾಗಿಲು ಎಷ್ಟು ಅಗಲ ಇದೆ?" ಅಂತ ಕೇಳಿದ್ರು.

ನನಗೆ ಗೊತ್ತಿರ್ಲಿಲ್ಲ. ಯಾರಿಗೆ ತಾನೆ ಗೊತ್ತಿರುತ್ತೆ. ಅವತ್ತೇ ಸಂಜೆ ಇಬ್ಬರು ವಾಲಂಟಿಯರ್‌ಗಳು ಅಳತೆ ಟೇಪು ಹಿಡ್ಕೊಂಡು ಮನೆಗೆ ಬಂದ್ರು. ಬಾಗಿಲು 24 ಇಂಚು. ಆವಾಗ ಅವರು ವಿವರಿಸಿದ್ದು ನಾನು ಇವತ್ತಿಗೂ ಬೇರೆಯವರಿಗೆ ಹೇಳ್ತಾ ಇರ್ತೀನಿ. ಸಾಮಾನ್ಯವಾಗಿ ಸಿಗೋ ವೀಲ್‌ಚೇರಿನ ಸೀಟು 18 ಇಂಚು ಇರುತ್ತೆ, ಆದ್ರೆ ದೊಡ್ಡ ಚಕ್ರ, ಕೈಯಲ್ಲಿ ತಿರುಗ್ಸೋ ರಿಂಗು ಎಲ್ಲಾ ಸೇರಿದ್ರೆ ಹೊರಗಿನ ಅಗಲ ಹೆಚ್ಚುಕಮ್ಮಿ 25, 26 ಇಂಚು ಆಗುತ್ತೆ. ಅಂದ್ರೆ ಆ ಬೇರೆ ಕಡೆ ಫೋಟೋಗೆ ಕೂತು ತಗೊಂಡು ಬಂದಿದ್ರೂ ಆ ಚೇರು ನಮ್ಮ ಬಚ್ಚಲಿಗೆ ಹೋಗ್ತಾನೇ ಇರ್ಲಿಲ್ಲ, ಹಾಲ್‌ನಲ್ಲಿ ನಿಂತಿರ್ತಿತ್ತು. ಇವರು ಎರಡು ಚೇರು ಕೊಟ್ರು. ಹೊರಗೆ ಓಡಾಡೋಕೆ ಒಂದು, ಬಚ್ಚಲಿಗೆ ಮಾತ್ರ ಸಣ್ಣ ಚಕ್ರದ, ಮಧ್ಯೆ ತೆರೆದಿರೋ ಸೀಟಿನ ಇನ್ನೊಂದು. ಅದು ಆರಾಮಾಗಿ ಬಾಗಿಲೊಳಗೆ ಹೋಗುತ್ತೆ. ಅಪ್ಪನ ಸೊಂಟದ ಅಗಲ ಅಳೆದ್ರು, ಮಂಡಿಯಿಂದ ಹಿಮ್ಮಡಿವರೆಗೆ ಅಳೆದ್ರು, ಪಾದ ಇಡೋ ಪಟ್ಟಿಯ ಎತ್ತರ ಸ್ಪ್ಯಾನರ್ ಹಾಕಿ ಸರಿ ಮಾಡಿದ್ರು. ಅಳೆಯೋ ಮುಂಚೆ ಪ್ರತಿ ಸಲ ಅಪ್ಪನ ಮುಖ ನೋಡಿ ಮುಟ್ಲಾ ಅಂತ ಕೇಳ್ತಿದ್ರು, ನನ್ನನ್ನ ಅಲ್ಲ. ಅಪ್ಪ ತಲೆ ಅಲ್ಲಾಡಿಸ್ತಿದ್ರು.

ಮಂಚದಿಂದ ಚೇರಿಗೆ ಹೇಗೆ ಕೂರಿಸೋದು ಅಂತ ಅಮ್ಮನಿಗೆ ಮೂರು ಸಲ ಮಾಡಿ ತೋರಿಸಿದ್ರು. ಚೇರನ್ನ ಶಕ್ತಿ ಇರೋ ಕಡೆಗೆ ಇಡ್ಬೇಕು, ಅಪ್ಪನಿಗೆ ಎಡಗಡೆಗೆ, ಬ್ರೇಕು ಹಾಕಿದೀವಾ ಅಂತ ಎರಡು ಸಲ ನೋಡ್ಬೇಕು, ಪಾದದ ಪಟ್ಟಿ ಮಡಚಬೇಕು, ತೋಳು ಹಿಡಿದು ಎಳೀಬಾರದು. ಒಂದೇ ಥರ ತುಂಬಾ ಹೊತ್ತು ಕೂತ್ರೆ ಮೂಳೆ ಒತ್ತೋ ಜಾಗದಲ್ಲಿ ರಕ್ತ ಓಡಾಟ ಕಮ್ಮಿಯಾಗಿ ಹುಣ್ಣಾಗುತ್ತೆ, ಅದಕ್ಕೆ ಕುಶನ್ ಬೇಕೇ ಬೇಕು, ಕೂತಲ್ಲೇ ಆಗಾಗ ಭಾರ ಆ ಕಡೆ ಈ ಕಡೆ ಬದಲಾಯಿಸ್ತಿರಬೇಕು ಅಂತ ಹೇಳಿದ್ರು. ಈ ಹುಣ್ಣಿನ ವಿಷಯ ನಮಗೆ ಅಲ್ಲಿವರೆಗೆ ಯಾರೂ ಬಿಡಿಸಿ ಹೇಳಿರ್ಲಿಲ್ಲ. ಎರಡು ವಾರ ಆದ್ಮೇಲೆ ಫೋನ್ ಬಂತು, ಚೇರ್ ಹೇಗಿದೆ, ಚರ್ಮ ಎಲ್ಲಾದ್ರೂ ಕೆಂಪಾಗಿದೆಯಾ ಅಂತ. ಆಮೇಲೆ ತಿಂಗಳಿಗೆ ಒಂದು ಸಲ ಬಂದು ಚಕ್ರಕ್ಕೆ ಎಣ್ಣೆ ಹಾಕಿ ನಟ್ಟು ಬಿಗಿ ಮಾಡ್ಕೊಂಡು ಹೋಗೋರು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ವೀಲ್‌ಚೇರ್ ಕೊಡೋ ವಿಧಾನದ ಬಗ್ಗೆ ಮಾರ್ಗಸೂಚಿ ತಂದಾಗ ಅದರಲ್ಲಿ 8 ಹಂತ ಹೇಳಿತ್ತು, ಮೊದಲ ಭೇಟಿಯಿಂದ ಹಿಡಿದು ಅಳತೆ, ಆಯ್ಕೆ, ಕೂರಿಸಿ ನೋಡೋದು, ಬಳಸೋಕೆ ಕಲಿಸೋದು, ಕೊನೆಗೆ ರಿಪೇರಿ ಮತ್ತು ಮತ್ತೆ ವಿಚಾರಿಸೋದು ಅಂತ. ನಮ್ಮ ಕಮಿಟಿಲಿ ಇಬ್ರು ಅದನ್ನ ಕೂತು ಓದಿದಾರೆ, ಒಬ್ರು ಫಿಸಿಯೋಥೆರಪಿಸ್ಟ್ ಹತ್ರ ಹೋಗಿ ಕಲ್ತು ಬಂದಿದಾರೆ. ಸಂಬಳ ಇಲ್ದೇ ಇರೋ ಕೆಲಸಕ್ಕೆ ಓದ್ಕೊಂಡು ಬರೋರನ್ನ ನಾನು ಅದಕ್ಕೆ ಮುಂಚೆ ನೋಡಿರ್ಲಿಲ್ಲ. ಬೇರೆ ಎಲ್ಲಾ ಬಿಟ್ರೂ ಇದೊಂದಕ್ಕೇ ಇವರನ್ನ ನಾನು ಕಣ್ಣು ಮುಚ್ಕೊಂಡು ಹೇಳ್ತೀನಿ, ಹೋಗಿ ಅಂತ.

ಮನೆ ಭೇಟಿ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ತುಂಬಾ ಜನ ಹಿಂಜರಿಯೋದು ಇದಕ್ಕೇ. ಮನೆಗೆ ಬಂದು ಡಬ್ಬಿ ತೆಗೆದು ನೋಡ್ತಾರೆ, ಟಿವಿ ಇದೆಯಲ್ಲ ಮತ್ತೆ ಬಡವರು ಹೇಗೆ ಅಂತಾರೆ ಅನ್ನೋ ಭಯ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. 1869ರಲ್ಲಿ ಲಂಡನ್‌ನಲ್ಲಿ ಚಾರಿಟಿ ಆರ್ಗನೈಸೇಶನ್ ಸೊಸೈಟಿ ಅಂತ ಶುರುವಾಯ್ತು, ಆಮೇಲೆ ಅಮೆರಿಕಾಗೂ ಹಬ್ತು, ಅವರ ವಾಲಂಟಿಯರ್‌ಗಳು ಬಡವರ ಮನೆಮನೆಗೆ ಹೋಗಿ ಯಾರು ಸಹಾಯಕ್ಕೆ ಅರ್ಹರು ಯಾರು ಅಲ್ಲ ಅಂತ ನಡತೆ ನೋಡಿ ವಿಂಗಡಿಸೋರು. ಕಷ್ಟದಲ್ಲಿರೋರ ಕಷ್ಟ ನೋಡೋ ಬದಲು ಗುಣ ಅಳೆಯೋ ಆ ಅಭ್ಯಾಸ ಎಷ್ಟೋ ಕಡೆ ಇನ್ನೂ ಹಾಗೇ ಉಳ್ಕೊಂಡಿದೆ. ಅದೇ ಊರಲ್ಲಿ ಇನ್ನೊಂದು ದಾರಿನೂ ಶುರುವಾಗಿತ್ತು ಅನ್ನೋದು ನನಗೆ ಸಮಾಧಾನ ಕೊಡೋ ವಿಷಯ. 1884ರಲ್ಲಿ ಲಂಡನ್‌ನ ಟಾಯ್ನ್‌ಬೀ ಹಾಲ್, ಅದನ್ನ ನೋಡಿ ಬಂದು 1889ರಲ್ಲಿ ಶಿಕಾಗೋದಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಶುರು ಮಾಡಿದ ಹಲ್ ಹೌಸ್. ಇವರು ಭೇಟಿ ಕೊಟ್ಟು ವಾಪಸ್ ಹೋಗ್ಲಿಲ್ಲ, ಅದೇ ಬೀದಿಗೆ ಬಂದು ವಾಸ ಮಾಡಿದ್ರು. ಬೀದಿಯಲ್ಲಿ ಕಸ ಕೊಳೀತಾ ಇದ್ದಾಗ ಜೇನ್ ಆಡಮ್ಸ್ 1895ರಲ್ಲಿ ತಾವೇ ಆ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಆಗಿ, ಬೆಳಿಗ್ಗೆ ಬೇಗ ಎದ್ದು ಕಸದ ಗಾಡಿ ಹಿಂದೆ ಹೋಗ್ತಿದ್ರಂತೆ. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಿದ್ದು ಇದೇ ಹೆಂಗಸಿಗೆ.

ನಮ್ಮ ಕಮಿಟಿ ಭೇಟಿಗೆ ಬಂದಾಗ ಕೇಳೋದು ಮೂರೇ. ಈಗ ಅತಿ ಕಷ್ಟ ಆಗಿರೋದು ಯಾವುದು, ನೀವು ಇಲ್ಲಿವರೆಗೆ ಏನು ಮಾಡಿ ನೋಡಿದ್ರಿ, ನಾವು ಯಾವುದನ್ನ ಮಾಡಬಾರದು. ಆ ಮೂರನೇ ಪ್ರಶ್ನೆ ನನಗೆ ತುಂಬಾ ಇಷ್ಟ. ಅಮ್ಮ ಅದಕ್ಕೆ "ಪಕ್ಕದ್ಮನೆಯವರಿಗೆ ಹೇಳ್ಬೇಡಿ" ಅಂದಿದ್ರು. ನಾಲ್ಕು ವರ್ಷ ಆಯ್ತು, ಪಕ್ಕದ್ಮನೆಯವರಿಗೆ ಇವತ್ತಿಗೂ ಚೇರ್ ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಆ ಪಕ್ಕದ್ಮನೆಯವರೂ ಒಂದು ಸಲ ಬಾಡಿಗೆಗೆ ಇಲ್ಲಿಂದಲೇ ಸಹಾಯ ತಗೊಂಡಿದ್ರು ಅಂತ ಅವರೇ ಒಂದು ದಿನ ನನಗೆ ಹೇಳಿದ್ರು, ಕಮಿಟಿಯವರ ಬಾಯಿಂದ ಒಂದು ಮಾತೂ ಬಂದಿರ್ಲಿಲ್ಲ. ಒಂದೇ ಬೀದಿಯಲ್ಲಿ ಇರೋರು ಒಬ್ಬರ ಗುಟ್ಟನ್ನ ಇನ್ನೊಬ್ಬರಿಗೆ ಹೇಳ್ದೇ ಇರೋದು ಎಷ್ಟು ಕಷ್ಟ ಅಂತ ಬೀದಿಲಿ ಬದುಕಿದೋರಿಗೆ ಗೊತ್ತಿರುತ್ತೆ.

ಇನ್ನು ದುಡ್ಡಿನ ವಿಷಯ. ಲೆಕ್ಕ ನೋಡ್ಕೊಳ್ಳೋರು ಒಬ್ರು ರಿಟೈರ್ಡ್ ಮೇಷ್ಟ್ರು. ಬಾಗಿಲ ಪಕ್ಕದ ಬೋರ್ಡಲ್ಲಿ ತಿಂಗಳ ಲೆಕ್ಕ ಅಂಟಿಸ್ತಾರೆ, ಎಷ್ಟು ಬಂತು, ಯಾವ ಕೆಲಸಕ್ಕೆ ಎಷ್ಟು ಹೋಯ್ತು, ಎಷ್ಟು ಉಳೀತು, ಸಹಾಯ ತಗೊಂಡವರ ಹೆಸರು ಮಾತ್ರ ಇರಲ್ಲ. ಚೆಕ್ಕಿಗೆ ಇಬ್ಬರ ಸಹಿ ಬೇಕು, ಆ ಇಬ್ರು ಒಂದೇ ಮನೆಯವರಾಗಿರಬಾರದು. ಚೆಕ್ ಬರೆಯೋರೇ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡೋ ಹಾಗಿಲ್ಲ, ಅದನ್ನ ಇನ್ನೊಬ್ರು ನೋಡ್ಬೇಕು. ಕೈಗೆ ನಗದು ಕೊಟ್ರೆ ಅಲ್ಲೇ ನಂಬರ್ ಇರೋ ರಸೀದಿ, ಎಷ್ಟೇ ಸಣ್ಣ ಮೊತ್ತ ಆಗಿರ್ಲಿ. ಒಂದು ಸಲ ನಾನೇ ಕೇಳ್ದೆ, ಮೇಷ್ಟ್ರೇ ನಿಮ್ಮ ಮೇಲೆ ಯಾರಿಗೂ ಅನುಮಾನ ಇಲ್ವಲ್ಲ, ಯಾಕಿಷ್ಟು ಒದ್ದಾಟ ಅಂತ. "ಅನುಮಾನ ಬರೋವರೆಗೆ ಕಾದ್ರೆ ಆಮೇಲೆ ರಸೀದಿ ಎಲ್ಲಿಂದ ತರ್ಲಿ" ಅಂದ್ರು. ನಂಬಿಕೆ ಇರೋ ಕಡೆ ಲೆಕ್ಕ ಕೇಳೋದು ಅವಮಾನ ಅಂತ ನಾವೆಲ್ಲ ಅನ್ಕೊಂಡಿರ್ತೀವಿ, ಎಷ್ಟೋ ಒಳ್ಳೆ ಸಂಘಗಳು ಮುರಿದುಬಿದ್ದಿದ್ದು ಅಲ್ಲೇ. ದುಡ್ಡು ಕದ್ದೇ ಮುರೀಬೇಕು ಅಂತೇನಿಲ್ಲ, ಕದ್ದಿಲ್ಲ ಅಂತ ತೋರ್ಸೋಕೆ ಕಾಗದ ಇಲ್ದೇ ಇದ್ರೂ ಮುರಿಯುತ್ತೆ.

ಹೋದ ವರ್ಷ ಒಂದು ಕಗ್ಗಂಟು ಬಂದಿತ್ತು. ತುಂಬಾ ಹಿಂದೆ ಒಬ್ರು ಟೈಪಿಂಗ್ ಕಲಿಯೋ ಮಕ್ಕಳ ಫೀಸಿಗೆ ಮಾತ್ರ ಅಂತ ಬರೆದು ದುಡ್ಡು ಕೊಟ್ಟು ಹೋಗಿದ್ರು. ಈಗ ಟೈಪ್‌ರೈಟರ್ ಕ್ಲಾಸಿಗೆ ಯಾರು ಹೋಗ್ತಾರೆ. ಬಡ್ಡಿ ಸೇರ್ಕೊಂಡು ಅದು ಸುಮ್ನೆ ಬಿದ್ದಿತ್ತು, ಈ ಕಡೆ ಬಾಡಿಗೆ ನಿಧಿ ಖಾಲಿ. ಸಭೆಲಿ ಒಬ್ರು ಕೊಟ್ಟೋರು ಈಗಿಲ್ಲ, ಯಾರು ಕೇಳ್ತಾರೆ, ತೆಗೆದು ಬಾಡಿಗೆಗೆ ಹಾಕೋಣ ಅಂದ್ರು. ಮೇಷ್ಟ್ರು ಒಪ್ಲಿಲ್ಲ. ಒಂದು ಕೆಲಸಕ್ಕೆ ಅಂತ ಕೊಟ್ಟಿದ್ದನ್ನ ಇನ್ನೊಂದಕ್ಕೆ ಮುಟ್ಟೋ ಹಾಗಿಲ್ಲ, ಮುಟ್ಟಬೇಕಂದ್ರೆ ದಾರಿ ಪ್ರಕಾರ ಹೋಗ್ಬೇಕು ಅಂತ. ಎರಡು ಸಭೆ ಇದೇ ಆಯ್ತು, ಜೋರು ಮಾತೂ ಆಯ್ತು.

ಈ ಸಮಸ್ಯೆ ಎಷ್ಟು ಹಳೇದು ಅಂತ ಆವಾಗ್ಲೇ ನಾನು ಓದಿ ತಿಳ್ಕೊಂಡಿದ್ದು. ಅಮೆರಿಕಾದ ಸೇಂಟ್ ಲೂಯಿಸ್‌ನಲ್ಲಿ ಮೇಯರ್ ಆಗಿದ್ದ ಬ್ರಯನ್ ಮುಲಾನ್‌ಫಿ ಅನ್ನೋರು 1851ರಲ್ಲಿ ತೀರ್ಕೊಂಡಾಗ ಆಸ್ತಿಯ ಮೂರನೇ ಒಂದು ಭಾಗನ, ಆ ಊರಿನ ಮೇಲೆ ಹಾದು ಪಶ್ಚಿಮಕ್ಕೆ ನೆಲೆ ಹುಡುಕಿಕೊಂಡು ಹೋಗೋ ಬಡ ವಲಸಿಗರಿಗೆ ಅಂತ ಬರೆದಿಟ್ರು. ಆವಾಗ ಅದು ನಿಜವಾದ ಕಷ್ಟ. ಕಾಲ ಕಳೆದ ಹಾಗೆ ಗಾಡಿ ಕಟ್ಕೊಂಡು ಹೋಗೋ ಜನಾನೇ ಕಮ್ಮಿ ಆದ್ರು, ದುಡ್ಡು ಮಾತ್ರ ಇತ್ತು. ಬೆಂಜಮಿನ್ ಫ್ರಾಂಕ್ಲಿನ್ ಕೂಡ 1790ರಲ್ಲಿ ಸಾಯೋ ಮುಂಚೆ ಬಾಸ್ಟನ್‌ಗೆ 1,000 ಪೌಂಡು, ಫಿಲಡೆಲ್ಫಿಯಾಗೆ 1,000 ಪೌಂಡು ಬಿಟ್ಟು, ಕಸುಬು ಕಲಿತು ಮದುವೆ ಆಗಿರೋ ಯುವಕರಿಗೆ ಸಾಲ ಕೊಡಿ, 200 ವರ್ಷ ಹೀಗೇ ನಡೀಲಿ ಅಂತ ಬರೆದಿದ್ರು. ಗುರುವಿನ ಮನೆಲಿದ್ದು ಕಸುಬು ಕಲಿಯೋ ಪದ್ಧತಿ 200 ವರ್ಷ ಇರುತ್ತಾ. ಸತ್ತವರ ಕೈ ಬದುಕಿರೋರ ಕಷ್ಟವನ್ನ ಹಿಡ್ಕೊಂಡಿರಬಾರದು ಅಂತ ಯೋಚಿಸಿದೋರು ಫ್ರೆಡರಿಕ್ ಗಾಫ್ ಅಂತ ಒಬ್ಬ ಬ್ಯಾಂಕರು. ಅವರು 1914ರಲ್ಲಿ ಕ್ಲೀವ್‌ಲ್ಯಾಂಡ್ ಫೌಂಡೇಶನ್ ಶುರು ಮಾಡಿದ್ರು, ಊರಿನ ಫೌಂಡೇಶನ್ ಅನ್ನೋ ಮಾದರಿ ಅಲ್ಲಿಂದಲೇ ಪ್ರಪಂಚಕ್ಕೆ ಹಬ್ಬಿದ್ದು. ಬೇರೆ ಬೇರೆಯವರು ಬಿಟ್ಟುಹೋದ ದುಡ್ಡು ಒಂದು ಕಡೆ ಇರುತ್ತೆ, ಅವರು ಹೇಳಿದ ಕೆಲಸವೇ ಇಲ್ದಂಗಾದ್ರೆ ಆ ಊರಿನವರೇ ಇರೋ ಒಂದು ಕಮಿಟಿ ಈಗಿನ ಕಷ್ಟಕ್ಕೆ ಅದನ್ನ ತಿರುಗಿಸಬಹುದು.

ಕೊನೆಗೆ ನಮ್ಮ ಕಮಿಟಿ ಮಾಡಿದ್ದು ಇದು. ಕೊಟ್ಟವರ ಮಗಳನ್ನ ಹುಡುಕಿದ್ರು, ಮೇಷ್ಟ್ರು ಮತ್ತೆ ಇನ್ನೊಬ್ರು ಹೋಗಿ ಮಾತಾಡಿದ್ರು, ವಕೀಲರ ಸಲಹೆ ತಗೊಂಡು ನಿಯಮ ಪ್ರಕಾರ ಕಾಗದ ಮಾಡಿದ್ರು, ಆಮೇಲೆ ಕಂಪ್ಯೂಟರ್ ಕಲಿಯೋ ಮಕ್ಕಳಿಗೆ ಅಂತ ಬದಲಾಯಿಸಿದ್ರು. ಬಾಡಿಗೆಗೆ ಹಾಕ್ಲಿಲ್ಲ, ಕೊಟ್ಟವರ ಮನಸ್ಸಿಗೆ ಹತ್ರ ಇರೋದು ಇದು ಅಂತ. ಮಗಳು "ಅಪ್ಪನಿಗೆ ಮಕ್ಕಳು ಕೆಲಸಕ್ಕೆ ಸೇರ್ಬೇಕು ಅಂತಷ್ಟೇ ಇತ್ತು, ಮಷೀನ್ ಯಾವುದಾದ್ರೇನು" ಅಂದ್ರಂತೆ. ಈಗ ಹೊಸದಾಗಿ ಯಾರೇ ದೊಡ್ಡ ಮೊತ್ತ ಕೊಟ್ರೂ, ಈ ಅಗತ್ಯ ಮುಗಿದುಹೋದ್ರೆ ಇದಕ್ಕೆ ಹತ್ತಿರದ ಇನ್ನೊಂದಕ್ಕೆ ಬಳಸಬಹುದು ಅಂತ ಒಂದು ಸಾಲು ಬರೆಸ್ಕೊಳ್ತಾರೆ. ಆ ತಿಂಗಳು ಬಾಡಿಗೆ ನಿಧಿಗೆ ಬಂದ ಎರಡು ಮನೆಯವರಿಗೆ ಮಾತ್ರ ಕಾಯಿಸಬೇಕಾಯ್ತು, ಅದು ನನಗೆ ಇನ್ನೂ ಬೇಜಾರೇ.

ಇಲ್ಲ ಅಂತ ಹೇಳೋ ರೀತಿನೂ ನೋಡಿದೀನಿ. ಎಲ್ರಿಗೂ ಹೂಂ ಅನ್ನೋಕಾಗಲ್ಲ, ಇರೋದೇ ಅಷ್ಟು. ಆದ್ರೆ ನೋಡೋಣ, ಮುಂದಿನ ವಾರ ಬನ್ನಿ, ಸಾಹೇಬ್ರು ಇಲ್ಲ ಅಂತ ಅಲೆದಾಡಿಸಲ್ಲ. ಆಗಲ್ಲ ಅಂದ್ರೆ ಅದೇ ವಾರ ಫೋನ್ ಮಾಡಿ ಆಗಲ್ಲ, ಯಾಕೆ ಆಗಲ್ಲ, ಬೇರೆ ಎಲ್ಲಿ ಆಗಬಹುದು ಅಂತ ಹೇಳ್ತಾರೆ, ಬೇಕಂದ್ರೆ ಅಲ್ಲಿಗೆ ಅರ್ಜಿ ಬರೆಯೋಕೆ ಕೂತ್ಕೊಂಡು ಸಹಾಯ ಮಾಡ್ತಾರೆ. ನನ್ನ ಗೆಳತಿ ಒಬ್ಬಳಿಗೆ ಇವರು ಇಲ್ಲ ಅಂದ್ರು, ಅವಳು ಇವತ್ತಿಗೂ ಇವರ ಬಗ್ಗೆ ಒಳ್ಳೇದೇ ಮಾತಾಡ್ತಾಳೆ.

ಒಂದು ಸಲ ಅಧ್ಯಕ್ಷರ ತಂಗಿ ಮಗನ ಅರ್ಜಿ ಬಂದಿತ್ತು. ಆ ವಿಷಯ ಬಂದಾಗ ಅವರು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ್ರು, ಇಂಥವರು ಇಂಥ ಕಾರಣಕ್ಕೆ ಹೊರಗಿದ್ರು ಅಂತ ಮಿನಿಟ್ಸ್‌ನಲ್ಲಿ ಬರ್ಕೊಂಡ್ರು, ಉಳಿದವರು ತೀರ್ಮಾನ ಮಾಡಿದ್ರು. ಹುಡುಗನಿಗೆ ಆ ವರ್ಷ ಸಿಗ್ಲಿಲ್ಲ, ಅವನಿಗಿಂತ ಕಷ್ಟದಲ್ಲಿದ್ದ ಇಬ್ಬರು ಇದ್ರು. ಅಧ್ಯಕ್ಷರ ಮನೇಲಿ ಅವತ್ತು ಏನು ಮಾತಾಯ್ತೋ, ಅವರು ಯಾವತ್ತೂ ಹೇಳಿಲ್ಲ.

ಅದಕ್ಕಿಂತ ದೊಡ್ಡದು ಅವರು ಅಧ್ಯಕ್ಷ ಸ್ಥಾನ ಬಿಟ್ಟಿದ್ದು. ಮೂರು ವರ್ಷದ ಅವಧಿ, ಎರಡು ಸಲಕ್ಕಿಂತ ಜಾಸ್ತಿ ಇಲ್ಲ ಅಂತ ನಿಯಮ ಇದೆ, ನಿಯಮ ಬರೆದೋರಲ್ಲಿ ಅವರೂ ಒಬ್ರು. ಅವಧಿ ಮುಗಿದಾಗ ನಾವೆಲ್ಲಾ, ನಾನೂ ಸೇರಿ, ನೀವೇ ಇರಿ ಅಂತ ಹಿಡ್ಕೊಂಡ್ವಿ. ಯಾರ ಮನೆಗೆ ಯಾವಾಗ ಹೋಗ್ಬೇಕು, ಯಾವ ಡಾಕ್ಟ್ರು ಒಳ್ಳೇವ್ರು, ಯಾವ ದಾನಿಗೆ ಹೇಗೆ ಮಾತಾಡ್ಬೇಕು, ಎಲ್ಲಾ ಅವರ ತಲೇಲೇ ಇತ್ತು. ಅವರಿಗೆ ಹೆದರಿಕೆ ಆಗಿದ್ದೂ ಅದಕ್ಕೇ. ಕೊನೆಯ ಒಂದು ವರ್ಷ ಪೂರ್ತಿ ತಲೇಲಿದ್ದನ್ನೆಲ್ಲ ಒಂದು ದಪ್ಪ ನೋಟ್‌ಬುಕ್ಕಿಗೆ ಬರೆದ್ರು, ಪ್ರತಿ ಭೇಟಿಗೆ ಒಬ್ಬ ಚಿಕ್ಕವರನ್ನ ಕರ್ಕೊಂಡು ಹೋದ್ರು. ಹೊಸ ಅಧ್ಯಕ್ಷ ಬಂದ ಮೊದಲ ಆರು ತಿಂಗಳು ನಿಜವಾಗ್ಲೂ ಕಷ್ಟ ಆಯ್ತು, ಫೋನ್ ಎತ್ತೋದು ತಡ, ಒಂದು ಮಂಚ ಕೊಡ್ತೀವಿ ಅಂದ ದಿನ ತಲುಪ್ಲೇ ಇಲ್ಲ, ಇಬ್ಬರು ಹಳೆ ದಾನಿಗಳು ಮುನಿಸ್ಕೊಂಡ್ರು. ಹಳೆ ಅಧ್ಯಕ್ಷರು ಸಭೆಗೆ ಬರ್ತಾರೆ, ಹಿಂದಿನ ಸಾಲಲ್ಲಿ ಕೂರ್ತಾರೆ, ಕೇಳಿದ್ರೆ ಮಾತ್ರ ಮಾತಾಡ್ತಾರೆ. ಆ ಆರು ತಿಂಗಳು ಅವರು ಎಷ್ಟು ಸಲ ಬಾಯಿ ತೆಗೆಯೋಕೆ ಹೋಗಿ ಸುಮ್ಮನಾದ್ರು ಅಂತ ನಾನು ಪಕ್ಕದಲ್ಲೇ ಕೂತು ನೋಡಿದೀನಿ. ಕಟ್ಟಿದ ಕೈಯಿಂದ ಬಿಡೋದು ಅಷ್ಟು ಸುಲಭ ಅಲ್ಲ.

ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ, ವಿಶ್ವಸಂಸ್ಥೆ 1985ರಲ್ಲಿ ಘೋಷಿಸಿದ್ದು. ಅವತ್ತು ಇಲ್ಲಿ ಸನ್ಮಾನ ಭಾಷಣ ಏನೂ ಇರಲ್ಲ. ಶೆಡ್ಡಲ್ಲಿ ಇರೋ ಎಲ್ಲಾ ಚೇರು ಮಂಚ ಹೊರಗೆ ತೆಗೆದು ತೊಳೆದು ಬ್ರೇಕು ಚೆಕ್ ಮಾಡ್ತಾರೆ, ಸಂಜೆ ಆ ವರ್ಷ ಎಲ್ಲೆಲ್ಲಿ ತಪ್ಪಾಯ್ತು ಅಂತ ಒಂದು ಪಟ್ಟಿ ಗಟ್ಟಿಯಾಗಿ ಓದ್ತಾರೆ. ಆ ಮಂಚ ತಲುಪದೇ ಇದ್ದಿದ್ದೂ ಹೋದ ಪಟ್ಟಿಲಿತ್ತು, ಓದಿದ್ದು ಹೊಸ ಅಧ್ಯಕ್ಷರೇ.

ಈಗ ಸರಿ ಇಲ್ದೇ ಇರೋದು, ಇವೂ ಹೇಳ್ಬೇಕು. ರೂಮಿಗೆ ಮೂರು ಮೆಟ್ಟಿಲಿದೆ, ರ‍್ಯಾಂಪ್ ಇಲ್ಲ. ವೀಲ್‌ಚೇರ್ ಕೊಡೋ ಜಾಗಕ್ಕೆ ವೀಲ್‌ಚೇರಲ್ಲಿ ಬರೋಕಾಗಲ್ಲ. ಮಾಲೀಕರು ಒಪ್ತಿಲ್ಲ ಅಂತಾರೆ, ಮರದ ಹಲಗೆಯ ರ‍್ಯಾಂಪ್ ಮಾಡಿಸಿ ಬೇಕಾದಾಗ ಹಾಕಿ ಅಂತ ನಾನು ಎರಡು ಸಲ ಹೇಳಿದೀನಿ, ಇನ್ನೂ ಆಗಿಲ್ಲ. ಅರ್ಜಿ ಫಾರಂ ಆರು ಪುಟ, ಅದರಲ್ಲಿ ಅರ್ಧ ಮಾಹಿತಿನ ಆಮೇಲೆ ಯಾರೂ ತಿರುಗಿ ನೋಡಲ್ಲ, ಓದು ಬರಹ ಬರ್ದೇ ಇರೋರು ಅದನ್ನ ನೋಡಿದ್ರೇ ವಾಪಸ್ ಹೋಗ್ತಾರೆ, ಎರಡು ಪುಟ ಸಾಕು. ಬಾಡಿಗೆ ನಿಧಿ ತೀರ್ಮಾನಕ್ಕೆ ಕಮಿಟಿ ಸೇರ್ಬೇಕು, ಅಂದ್ರೆ ಎರಡು ವಾರದವರೆಗೆ ಕಾಯ್ಬೇಕಾಗಬಹುದು, ಮನೆ ಖಾಲಿ ಮಾಡಿ ಅಂತ ಹೇಳಿಸ್ಕೊಂಡೋರಿಗೆ ಎರಡು ವಾರ ಅಂದ್ರೆ ತುಂಬಾ. ಸಣ್ಣ ಮೊತ್ತಕ್ಕಾದ್ರೂ ಇಬ್ಬರು ಸೇರಿ ತಕ್ಷಣ ಕೊಟ್ಟು ಆಮೇಲೆ ಸಭೆಗೆ ವರದಿ ಮಾಡೋ ಹಾಗೆ ಆಗ್ಬೇಕು. ಕಮಿಟಿಲಿ ಚಿಕ್ಕ ವಯಸ್ಸಿನವರು ಒಬ್ರೇ, ಸಹಾಯ ತಗೊಂಡು ಹೋದವರಿಂದ ಕಮಿಟಿಗೆ ಬಂದೋರು ಇಲ್ಲಿವರೆಗೆ ಯಾರೂ ಇಲ್ಲ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚೋದು, ಬಚ್ಚಲ ಬಾಗಿಲ ಅಗಲ ಕೇಳ್ಬೇಕು ಅಂತ ಗೊತ್ತಿರೋದು ಅದನ್ನ ಅನುಭವಿಸಿದೋರಿಗೇ ಅಲ್ವಾ.

ದಣಿವಿನ ವಿಷಯ ಇನ್ನೊಂದಿದೆ. ಮೊದಲು ಒಬ್ಬರ ನಂಬರ್ರೇ ಎಲ್ಲರ ಹತ್ರ ಇತ್ತು, ರಾತ್ರಿ ಎರಡು ಗಂಟೆಗೂ ಫೋನು. ಅವರು ಮೂರು ವರ್ಷ ತಡ್ಕೊಂಡು ಒಂದು ದಿನ ಕಮಿಟಿ ಬಿಟ್ಟೇಬಿಟ್ರು, ಮತ್ತೆ ಬರ್ಲಿಲ್ಲ. ಒಳ್ಳೆಯವರನ್ನ ನಾವೇ ಹಿಂಡಿ ಕಳಿಸಿದ್ವಿ ಅಂತ ನನಗೆ ಅನ್ಸುತ್ತೆ. ಈಗ ಫೌಂಡೇಶನ್‌ಗೆ ಒಂದೇ ನಂಬರು, ವಾರಕ್ಕೊಬ್ಬರು ಸರದಿಯಂತೆ ಇಟ್ಕೊಳ್ತಾರೆ. ಮಕ್ಕಳ ಸಂಜೆ ಪಾಠದಲ್ಲಿ ಯಾವಾಗ್ಲೂ ಇಬ್ಬರು ದೊಡ್ಡವರು ಇರ್ತಾರೆ, ಒಬ್ಬರೇ ಇದ್ರೆ ಅವತ್ತು ಪಾಠ ಇಲ್ಲ. ಬಾಗಿಲು ತೆರೆದೇ ಇರುತ್ತೆ. ಅಪ್ಪ ಅಮ್ಮಂದಿರು ಈ ಒಂದು ವಿಷಯನ ಯಾವ ಸಂಸ್ಥೆಗೆ ಮಕ್ಕಳನ್ನ ಕಳಿಸಿದ್ರೂ ಕೇಳಿ.

ಹೋಗೋದಾದ್ರೆ ಸಂಜೆ ಹೊತ್ತು ಹೋಗಿ, ಬೆಳಿಗ್ಗೆ ಎಲ್ರೂ ಅವರವರ ಕೆಲಸದಲ್ಲಿರ್ತಾರೆ. ಸಾಮಾನು ಬೇಕಂದ್ರೆ ಡಾಕ್ಟರ್ ಚೀಟಿ ಇದ್ರೆ ತಗೊಂಡು ಹೋಗಿ, ಇಲ್ದಿದ್ರೂ ಪರವಾಗಿಲ್ಲ. ಫಾರಂ ತುಂಬೋಕೆ ಬರಲ್ಲ ಅಂದ್ರೆ ನಾಚ್ಕೋಬೇಡಿ, ನೀವು ಹೇಳ್ತಾ ಹೋದ್ರೆ ಅವರೇ ಬರ್ಕೊಳ್ತಾರೆ. ದೊಡ್ಡ ಆಪರೇಶನ್ ಖರ್ಚು ಇವರಿಂದ ಆಗೋದಲ್ಲ, ಆದ್ರೂ ಹೋಗಿ, ಎಲ್ಲಿ ಕೇಳ್ಬೇಕು ಅಂತ ದಾರಿ ಹೇಳ್ತಾರೆ. ದುಡ್ಡು ಕೊಡೋಕೆ ಹೋಗೋರು ಮೊದಲು ಬೋರ್ಡ್ ಓದಿ, ಆಮೇಲೆ ಮೇಷ್ಟ್ರನ್ನ ಪ್ರಶ್ನೆ ಕೇಳಿ. ಅವರು ಸಿಟ್ಟಾಗಲ್ಲ, ಪ್ರಶ್ನೆ ಕೇಳಿದ್ರೆ ಅವರ ಮುಖ ಅರಳುತ್ತೆ.

5ಕ್ಕೆ 4 ಸ್ಟಾರ್ ಕೊಡ್ತಿದೀನಿ. ಉಳಿದ ಒಂದು ಆ ಮೆಟ್ಟಿಲಿಗೆ ಮತ್ತೆ ಆರು ಪುಟದ ಫಾರಂಗೆ.

ಅಪ್ಪ ಈಗ ಕೋಲು ಹಿಡ್ಕೊಂಡು ಮನೆಯೊಳಗೆ ನಡೀತಾರೆ. ಮಾತು ಮುಕ್ಕಾಲು ಪಾಲು ಬಂದಿದೆ. ಬಚ್ಚಲ ಚೇರನ್ನ ನಾವು ತೊಳೆದು ಒರೆಸಿ ವಾಪಸ್ ಕೊಟ್ಟು ಒಂದು ವರ್ಷ ಆಯ್ತು. ಕೊಡೋ ದಿನ ಅಪ್ಪ ನಾನೂ ಬರ್ತೀನಿ ಅಂತ ಹಠ ಮಾಡಿ ಬಂದ್ರು, ಇಬ್ಬರು ಆಚೆ ಈಚೆ ಹಿಡ್ಕೊಂಡು ಆ ಮೂರು ಮೆಟ್ಟಿಲು ಹತ್ತಿಸಿದ್ರು. ಯಾರೂ ಫೋಟೋ ತೆಗೀಲಿಲ್ಲ. ಅಪ್ಪ ಚೇರಿನ ಬ್ರೇಕನ್ನ ಎಡಗೈಯಲ್ಲಿ ಎರಡು ಸಲ ಹಾಕಿ ತೆಗೆದು, ಬಲಗಡೆದು ಸ್ವಲ್ಪ ಸಡಿಲ ಇದೆ, ಮುಂದಿನವರಿಗೆ ಕೊಡೋ ಮುಂಚೆ ನೋಡಿ ಅಂತ ನಿಧಾನಕ್ಕೆ ಹೇಳಿದ್ರು. ಹಳೆ ಅಧ್ಯಕ್ಷರು ಅದನ್ನ ಚೀಟಿಲಿ ಬರೆದು ಚೇರಿಗೆ ಕಟ್ಟಿದ್ರು. ಆ ಚೇರು ಈಗ ನಾಲ್ಕು ಬೀದಿ ಆಚೆ ಒಂದು ಮನೇಲಿದೆ. ಅಳತೆ ಟೇಪು ಈಗ ನನ್ನ ಹತ್ರ ಇರುತ್ತೆ, ನಾಳೆ ಸಂಜೆ ಇನ್ನೊಂದು ಮನೆಗೆ ಹೋಗ್ಬೇಕು, ಅಲ್ಲಿ ಬಾಗಿಲು ತುಂಬಾನೇ ಕಿರಿದು ಅಂತ ಫೋನಲ್ಲಿ ಹೇಳಿದಾರೆ.